ಯಾರದ್ದೂ ಅಲ್ಲದ ಇನ್ನೂರು

ಎಂಟು ಕೋರಿನ ಯಂತ್ರ, ಎರಡು ಎಳೆ, ಒಂದೇ ಲೆಕ್ಕ.
ಒಂದೊಂದು ಎಳೆಯೂ ಲಕ್ಷ ಸಲ ಒಂದು ಕೂಡಿಸಬೇಕು, ಅಷ್ಟೆ.
ಎರಡು ಲಕ್ಷ ಬರಬೇಕಾದಲ್ಲಿ
ಒಂದು ಲಕ್ಷ ಮೂವತ್ತೇಳು ಸಾವಿರದ ಚಿಲ್ಲರೆ.
ಮತ್ತೆ ಓಡಿಸಿದರೆ ಬೇರೆಯೇ ಚಿಲ್ಲರೆ.
"ಇದಕ್ಕೆ ಎಂತ ಭೂತ ಹಿಡಿದದ್ದು ಮೇಡಂ?" ಎಂದಳು ನಿಶೆಲ್,
ಕದ್ರಿ ಗುಡ್ಡದ ಲ್ಯಾಬಿನಲ್ಲಿ, ಐದೂವರೆಯ ಬಸ್ಸಿನ ಚಿಂತೆಯಲ್ಲಿ.

ಭೂತ ಅಲ್ಲ ಮಾರಾಯ್ತಿ. ನನಗೆ ಅದರ ಮನೆ ಗೊತ್ತುಂಟು.

ಕುತ್ತಾರಿನಲ್ಲಿ ಬೀಪಾತುಮ್ಮನ ಜಗಲಿ.
ನಾಲ್ಕು ಮಡಿಲು, ನಾಲ್ಕು ತಡ್ಪೆ,
ನಡುವೆ ಒಂದೇ ರಾಶಿ ಒದ್ದೆ ಎಲೆ, ಒಂದೇ ಉಂಡೆ ಕೆಂಪು ನೂಲು,
ಗೋಡೆಗೆ ಒರಗಿದ ಒಂದೇ ಸ್ಲೇಟು.
ಬೀಡಿ ಬ್ರಾಂಚಿನ ಪಾಸ್‌ಬುಕ್ಕೂ ಒಂದೇ, ಜಲಜಕ್ಕನ ಹೆಸರಲ್ಲಿ.

ಆ ದಿನ ಸ್ಲೇಟಿನಲ್ಲಿ ಆರುನೂರು.
ಸಿಸಿಲಿ ಬಾಯಿ ನೋಡಿದರು: ಆರುನೂರು.
ತಮ್ಮ ಇನ್ನೂರು ಎಣಿಸಲು ಒಳಗೆ ಹೋದರು.
ಅಷ್ಟರಲ್ಲಿ ನನ್ನ ಅಮ್ಮ ನೋಡಿದಳು: ಆರುನೂರು.
ಅವಳದ್ದೂ ಇನ್ನೂರು.
ಅಮ್ಮ ಒರಸಿ ಬರೆದಳು, ಎಂಟುನೂರು.
ಬಾಯಿ ಬಂದು, ಎಂತ ಇದೆ ಎಂದು ನೋಡದೆ,
ಒರಸಿ ಬರೆದರು, ಎಂಟುನೂರು.

ಬ್ರಾಂಚಿನವ ಎಣಿಸಿದರೆ ಸಾವಿರ.
ಕಡಿಮೆ ಬಿದ್ದದ್ದಕ್ಕೆ ಜಗಳ ಲೋಕದಲ್ಲಿ ಉಂಟು;
ನಮ್ಮ ಜಗಲಿಯಲ್ಲಿ ಹೆಚ್ಚಾದದ್ದಕ್ಕೆ.
ಯಾರೂ ಕದ್ದಿಲ್ಲ. ಕೂಡಿಸಿದ್ದೂ ತಪ್ಪಿಲ್ಲ.
ಆದರೂ ಒಂದು ವಾರ
ನೂಲು ಕಡಿಯುವ ಸದ್ದು ಬಿಟ್ಟರೆ ಮಾತಿಲ್ಲ.

ಬೀಪಾತುಮ್ಮ ಬಳಪಕ್ಕೆ ಕೆಂಪು ನೂಲು ಕಟ್ಟಿ ಮೊಳೆಗೆ ನೇತುಹಾಕಿದರು.
ಬಳಪ ಹಿಡಿದವಳು ನೋಡಬೇಕು, ಕೂಡಿಸಬೇಕು, ಬರೆಯಬೇಕು, ಬಿಡಬೇಕು.
ಉಳಿದವರು ಕಾಯಬೇಕು.
ಕಾದು ಕಾದು ದಿನಕ್ಕೆ ಐವತ್ತು ಬೀಡಿ ಕಮ್ಮಿಯಾಯಿತು,
ಅದನ್ನು ಯಾರೂ ಸ್ಲೇಟಿನಲ್ಲಿ ಬರೆಯಲಿಲ್ಲ.

ಇನ್ನೊಂದು ಸಂಜೆ ಜಲಜಕ್ಕನ ಕೈಯಲ್ಲಿ ಬಳಪ, ಬೇಕಾದ್ದು ಕತ್ತರಿ.
ಬಾಯಿಯ ಕೈಯಲ್ಲಿ ಕತ್ತರಿ, ಬೇಕಾದ್ದು ಬಳಪ.
"ನೀವು ಮೊದಲು ಕೊಡಿ."
"ನೀವು ಕೊಡಿ, ಮತ್ತೆ ನಾನು."
ದೀಪ ಹಚ್ಚುವ ಹೊತ್ತಾಯಿತು, ಇಬ್ಬರೂ ಕೈ ಸಡಿಲಿಸಲಿಲ್ಲ.
ಎರಡನೇ ಕ್ಲಾಸಿನ ನಾನು ನಕ್ಕು ಪೆಟ್ಟು ತಿಂದೆ.
ಮಾರನೆ ದಿನದಿಂದ ಮೊದಲು ಕತ್ತರಿ, ಆಮೇಲೆ ಬಳಪ,
ಯಾರೇ ಇರಲಿ, ಅದೇ ಕ್ರಮ.

ನಿಶೆಲಳ ಪ್ರೋಗ್ರಾಮಿಗೆ ನಾನೂ ಒಂದು ಬಳಪ ನೇತುಹಾಕಿದೆ,
ಎರಡು ಸಾಲು, ಒಂದು ಹಿಡಿಯಲು, ಒಂದು ಬಿಡಲು.
ಎರಡು ಲಕ್ಷ. ಮತ್ತೆ ಎರಡು ಲಕ್ಷ.
"ಆದರೆ ನಿಧಾನ ಆಯ್ತಲ್ಲ ಮೇಡಂ," ಎಂದು ಮುಖ ಸಣ್ಣ ಮಾಡಿದಳು.
ಆಯ್ತು. ಬಸ್ಸು ಹೋಗುತ್ತದೆ, ಓಡು.

ಆ ಇನ್ನೂರರ ದುಡ್ಡು ಬೀಪಾತುಮ್ಮನ ಡಬ್ಬಿಯಲ್ಲೇ ಉಳಿಯಿತು.
ವೆನ್ಲಾಕಿನ ಮಂಚದಲ್ಲಿ, ಕೊನೆಯ ವಾರ,
ಹೆಬ್ಬೆರಳು ಗಾಳಿಯಲ್ಲೇ ನೂಲು ಸುತ್ತುತ್ತಿದ್ದಾಗ,
ಅಮ್ಮ ನನ್ನನ್ನು ಹತ್ತಿರ ಕರೆದು ಹೇಳಿದಳು:
ಅದು ನನ್ನದೇ.