ಏಣಿ ಹತ್ತಿದವನು

ಅಲಿ ಅಸ್ಕರ್ ರಸ್ತೆಯ ತೂಕ-ಅಳತೆ ಇಲಾಖೆಯಲ್ಲಿ
ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದೆ.
ಫೈಲು ಹೊತ್ತೆ, ಟೀ ತಂದೆ, ಸಾಹೇಬರ ಕೊಡೆ ಒಣಗಿಸಿದೆ.
ಅದನ್ನೆಲ್ಲ ಯಾರು ಬೇಕಾದರೂ ಮಾಡಿಯಾರು.
ಫೋಟೋ ಬದಲಿಸುವುದು ಮಾತ್ರ ನನ್ನ ಪಾಲು.
ಉಳಿದವರಿಗೆ ಏಣಿ ಎಂದರೆ ಭಯ.

ದಿಲ್ಲಿಯಲ್ಲಿ ಕುರ್ಚಿ ಬದಲಾದ ಕೆಲವು ವಾರಕ್ಕೆ
ರಟ್ಟಿನ ಕೊಳವೆಯಲ್ಲಿ ಸುತ್ತಿಕೊಂಡು ಹೊಸ ಮುಖ ಬರುತ್ತಿತ್ತು.
ಕಂಕುಳಲ್ಲಿಟ್ಟುಕೊಂಡು ಅವೆನ್ಯೂ ರಸ್ತೆಗೆ ನಡೆಯುತ್ತಿದ್ದೆ,
ದಸ್ತಗೀರ್ ಸಾಬರ ಅಂಗಡಿಗೆ.
ಅವರು ಹಳೆಯದನ್ನು ಎಸೆದವರಲ್ಲ.
"ರಟ್ಟಿಗೆ ಯಾಕಪ್ಪ ದುಡ್ಡು ದಂಡ" ಎಂದು
ಹಳೇ ಮುಖವನ್ನು ಗೋಡೆ ಕಡೆ ತಿರುಗಿಸಿ
ಅದರ ಬೆನ್ನಿಗೆ ಹೊಸದನ್ನು ಒತ್ತಿಟ್ಟು
ಗಾಜು ಮುಚ್ಚುತ್ತಿದ್ದರು.
ಚೌಕಟ್ಟು ಅದೇ. ಗೋಡೆಯ ಮೊಳೆ ಅದೇ.
ತೂಕ ಮಾತ್ರ ಸಲ ಸಲಕ್ಕೂ
ಒಂದು ಕಾಗದದಷ್ಟು ಹೆಚ್ಚು.

ಬದಲಾಗುತ್ತಿದ್ದುದು ಕೆಳಗೆ ಕೂತವರ ಮಾತು.

ಒಂದು ಮುಖ ಇದ್ದಾಗ ಹೆಡ್ ಕ್ಲರ್ಕ್ ಪುಟ್ಟನರಸಯ್ಯ ಹೇಳುತ್ತಿದ್ದರು:
"ನಮ್ಮದೂ ಒಂದು ಬಾಲ್ಯವೇನಯ್ಯ, ಬರೀ ಕ್ಯೂ.
ಸೀಮೆಎಣ್ಣೆಗೆ, ಸಕ್ಕರೆಗೆ, ನಲ್ಲಿಗೆ."
ಎರಡು ಚುನಾವಣೆ ಕಳೆದು ಇನ್ನೊಂದು ಮುಖ ಏರಿತು.
ಅದೇ ಪುಟ್ಟನರಸಯ್ಯ, ಅದೇ ಸ್ಟೀಲ್ ಡಬ್ಬಿ, ಅದೇ ಚಿತ್ರಾನ್ನ:
"ಆಗ ಕ್ಯೂನಲ್ಲಿ ಎಂಥ ಶಿಸ್ತು ಗೊತ್ತೇನಯ್ಯ!
ಒಬ್ಬರ ಡಬ್ಬಕ್ಕೆ ಇನ್ನೊಬ್ಬರು ಕಾವಲು."
ಸುಳ್ಳು ಹೇಳುವ ಮನುಷ್ಯರಲ್ಲ.
ಎರಡು ಸಲವೂ ಕಣ್ಣು ತೇವವಾಗಿತ್ತು.

"ಆ ಕಾಲದಲ್ಲಿ ರೈಲು ಟೈಮಿಗೆ ಬರ್ತಿತ್ತು"
ಎಂದು ಯಾರೋ ಅಂದ ಮಧ್ಯಾಹ್ನ
ಟೈಪಿಸ್ಟ್ ಫಿಲೋಮಿನಾ ಮೇಡಂ
ಕಾರ್ಬನ್ ಹಾಳೆ ಸರಿಮಾಡುತ್ತ, ತಲೆ ಎತ್ತದೆ:
"ಹೌದು. ನಮ್ಮಣ್ಣನನ್ನ ಬಳ್ಳಾರಿ ಜೈಲಿಗೆ ಒಯ್ದ ರೈಲೂ
ಒಂದು ನಿಮಿಷ ತಡ ಮಾಡಲಿಲ್ಲ."
ಆಮೇಲೆ ಸಂಜೆವರೆಗೆ
ಟೈಪ್‌ರೈಟರ್ ಒಂದೇ ಮಾತಾಡಿತು.

ನಾನೇನು ಬೇರೆಯವನಲ್ಲ.
ಬಿನ್ನಿ ಮಿಲ್ಲಿನ ಸೈರನ್ನು
ಒಮ್ಮೆ ಅಪ್ಪ ಮನೆಗೆ ಬರುವ ಸದ್ದಾಗಿ ಕೇಳಿದೆ,
ಒಮ್ಮೆ ಅವನನ್ನು ಎಳೆದೊಯ್ಯುವ ಸದ್ದಾಗಿ.
ಯಾವ ವರ್ಷ ಯಾವುದು ಎಂದು ಕೇಳಿದರೆ
ಗೋಡೆ ಮೇಲೆ ಯಾರಿದ್ದರೆಂದು ನೋಡಿ ಹೇಳಬೇಕು.
ಮುಂದೆ ಮೈಕಿನಲ್ಲೊಂದು ದನಿ
"ನಿಮ್ಮಿಂದ ಕಿತ್ತುಕೊಂಡರು" ಎಂದು ದಿನವೂ ಹೇಳತೊಡಗಿದ ಮೇಲೆ
ನಮ್ಮ ಮನೆಯಲ್ಲಿ ಎಂದೂ ಇರದಿದ್ದ ಬೆಳ್ಳಿ ಲೋಟವೊಂದು
ಕಳೆದುಹೋದಂತೆ ನನಗೆ ನೆನಪಾಯಿತು.
ನಿಜವಾಗಿ. ಅಂಚಿನ ಬಳ್ಳಿಯ ಸಮೇತ.

ಇಲಾಖೆಯಲ್ಲಿ ಬಟ್ಟಿಗೆ ಮುದ್ರೆ ಹೊಡೆಯುತ್ತೇವೆ,
ತಕ್ಕಡಿಗೆ, ಮೀಟರಿಗೆ, ಪೆಟ್ರೋಲ್ ಪಂಪಿಗೆ.
ಇದಕ್ಕೆ ಯಾವ ಇನ್ಸ್‌ಪೆಕ್ಟರೂ ಇಲ್ಲ.

ಅಮ್ಮನ ಹತ್ತಿರ ಒಂದು ಹಿತ್ತಾಳೆ ಪಾವಿತ್ತು.
ನಮಗೆ ಹಿಟ್ಟು ಅಳೆಯುವಾಗ ಗೋಪುರ ಕಟ್ಟುತ್ತಿದ್ದಳು.
ತನ್ನ ಪಾಲಿಗೆ ಹೆಬ್ಬೆರಳನ್ನು ಒಳಗಿಟ್ಟು ಅಳೆದು
"ನೋಡು, ನಂದೂ ತುಂಬಿದೆ" ಅನ್ನುತ್ತಿದ್ದಳು.
ಅಂಗಡಿಯವನು ಹಾಗೆ ಮಾಡಿದರೆ ಕೇಸು ಹಾಕುತ್ತೇವೆ.
ಒಂದು ದಿನ ಕೇಳಿದೆ: ಅಮ್ಮಾ, ಆಗ ಚೆನ್ನಾಗಿತ್ತಾ?
ಹಪ್ಪಳ ಹರವುವ ಮುಂಚೆ ಮೋಡ ನೋಡುವಂತೆ
ಕಿಟಕಿಯಾಚೆ ನೋಡಿ ಕೇಳಿದಳು:
"ಈಗ ಮೇಲೆ ಯಾರಿದ್ದಾರೆ ಮಗಾ?"

ನಾನು ನಿವೃತ್ತನಾಗುವ ವರ್ಷ, ಒಂದು ಗುರುವಾರ,
ಯಾರೂ ಮುಟ್ಟದೆ ಫೋಟೋ ಬಿತ್ತು.
ಭಾರಕ್ಕೆ ಗಾರೆಯೇ ಕಿತ್ತು ಬಂದಿತ್ತು.
ಗಾಜಿನ ನಡುವೆ ಒಂದರ ಬೆನ್ನಿಗೊಂದು ಮುಖಗಳು,
ಗೆದ್ದಲು ಒಂದೇ ತೂತಿನಲ್ಲಿ ಎಲ್ಲರನ್ನೂ ದಾಟಿತ್ತು.
ಗೋಡೆಯಲ್ಲಿ ಒಂದು ಚೌಕ, ಒಳ್ಳೇ ತಿಳಿನೀಲಿ.
"ಗೋಡೆ ಮೊದಲಿಂದ ಹಳದಿನೇ" ಎಂದರು ಸೂಪರಿಂಟೆಂಡೆಂಟ್.
"ಹಸಿರು" ಎಂದರು ಇನ್ನೊಬ್ಬರು,
ಚೌಕದ ಎದುರೇ ನಿಂತು.

ಹೊಸ ಹುಡುಗ ಹೇಮಗಿರಿ ಏಣಿ ಹತ್ತಿ ಕೇಳಿದ:
ಎಲ್ಲಿ ಹೊಡೀಲಿ ಸಾರ್?
ಹಳೇ ತೂತು ಹಿಡಿಯೊಲ್ಲ, ಸ್ವಲ್ಪ ಬಲಕ್ಕೆ ಎಂದೆ.

ಆ ಕಡೆ ಹೋದರೆ ನೋಡಿ.
ಫೋಟೋದ ಎಡಕ್ಕೆ ನಾಲ್ಕು ಬೆರಳಗಲ
ಇನ್ನೂ ಕಾಣುತ್ತದೆ,
ಸುಣ್ಣ ಬಳಿಯುವವರು ಬರುವವರೆಗೆ.