ರಜಿಸ್ಟರಿನ್ಯಾಗ ಇಲ್ಲದ್ದು

ಶಿವರಾತ್ರಿ ಮುಗದ ಮೂರನೇ ದಿನ ಬೀಜ ಹಾಕಿದೆ.
ಹೀರಿ ಎಂಟು, ಸೌತಿ ಆರು, ಚವಳಿ ಒಂದು ಮುಷ್ಟಿ,
ಬೆಂಡಿ ಎಣಿಸಲಿಲ್ಲ.
ಇಬ್ರಾಹಿಂಪುರ ಗೇಟಿನ ಆಚೆ, ಹಳಿಯ ಮಗ್ಗಲು ನನ್ನ ಹಿತ್ತಲ,
ಮೂರು ಹೊರಸು ಹಾಸಿದರ ತುಂಬಿ ಹೋಗುವಷ್ಟು.
ಮ್ಯಾಲ ಒಂದು ಗೇಣು ಎರಿಮಣ್ಣು, ತಳಗ ಬರೇ ಗರಸು.

ನಳ ಬರೂದು ಆರು ದಿನಕ್ಕೊಮ್ಮೆ, ಅದೂ ನಡುರಾತ್ರಿ ಎರಡಕ್ಕ.
ರಾತ್ರಿ ಪಾಳಿ ಮಾಡಿದಾಕಿಗೆ ಎಚ್ಚರ ಹೊಸದಲ್ಲ.
ಅಕ್ಕಿ ತೊಳದ ನೀರು ಬೆಂಡಿಗೆ,
ಮುಖ ತೊಳದದ್ದು ಚವಳಿಗೆ,
ಸಾಬೂನು ತಾಗದ ಮೊದಲ ಎರಡು ತಂಬಿಗಿ
ಪರಾತದಾಗ ನಿಂತು ಹೊಯ್ಕೊಂಡದ್ದು
ಹೀರಿ ಬಳ್ಳಿಗೆ.
ಹಿಂದಿನ ಮನಿ ಹುಡುಗ ದಾವಲಸಾಬ
ಆಡಿನ ಹಿಕ್ಕಿ ತಂದು ಸುರುವತಾನ ಚೀಲಗಟ್ಟಲೆ.
ಅವನ ಆಡು ಬಂದು ಸೌತಿ ಕುಡಿ ತಿಂತಾವ.
ಲೆಕ್ಕ ಚುಕ್ತಾ.

ಹಳೇ ಸೊಳ್ಳಿಪರದೆ ಕಟ್ಟಿದೆ ನೆತ್ತಿಗೆ.
ಮಟಮಟ ಮಧ್ಯಾಹ್ನ ಎಲಿ ಜೋತು ಬಿದ್ದು
ಸತ್ತಂಗ ಮಲಗತಾವ. ನಾ ಹೆದರೂದಿಲ್ಲ.
ಸಂಜಿಗೆ ನಾಡಿ ಹಿಡದು ನೋಡಿದರ ಮತ್ತ ಎದ್ದಿರತಾವ.

ಬಳ್ಳಿ ಚಪ್ಪರ ಏರಿತು, ಹೂ ಬಿಟ್ಟಿತು,
ಹಳದಿ ಅಂದ್ರ ಹಳದಿ,
ಕಾಯಿ ಮಾತ್ರ ಒಂದೂ ನಿಲ್ಲಲಿಲ್ಲ.
"ನೆದರ ಆಗ್ಯಾದ ಸಿಸ್ಟರಬಾಯಿ, ಹಳೇ ಚಪ್ಪಲಿ ಕಟ್ರಿ"
ಅಂದಳು ಹಾಲಿನ ಬೌರವ್ವ.
ಕಟ್ಟಿದೆ. ಡ್ಯೂಟಿಯ ಬಿಳಿ ಚಪ್ಪಲಿ, ಎಡಗಾಲಿಂದು.
ನೆದರ ಇಳೀತೋ ಏನೋ, ಕಾಯಿ ಹಿಡೀಲಿಲ್ಲ.

ಆಮ್ಯಾಲ ಒಂದಿನ, ಸೊಲ್ಲಾಪುರ ಪ್ಯಾಸೆಂಜರ್ ದಾಟಿ ಹೋದ ಹೊತ್ತಿಗೆ
ಮೊಗ್ಗು ಒಂದೊಂದೇ ಬಿಚ್ಚೂದು ಕಂಡೆ.
ಹೀರಿ ಸಂಜಿ ಹೂವು. ನಾನೋ, ಇಷ್ಟು ದಿನ
ಮುಂಜಾನಿ ಬಂದು ಬಾಡಿದ್ದನ್ನ ಎಣಿಸಿ ಹೋಗಾಕಿ.
ಗಂಡು ಹೂ ಗೊಂಚಲಿನ್ಯಾಗ ಹತ್ತಾರು.
ಹೆಣ್ಣು ಒಂಟಿ, ಬುಡಕ್ಕ ಬೆರಳಿನಷ್ಟು ಕಾಯಿ,
ಆಗಲೇ ಬಸುರಿ ಅಂತ ಸುಳ್ಳು ತೋರಸ್ತದ.
ಜೇನಿಲ್ಲ. ಈ ಬಿಸಿಲಿಗೆ ಅವೂ ಎಲ್ಲಿ ನೆರಳು ಹಿಡದಾವೋ.

ಮೂವತ್ತೊಂದು ವರ್ಷ ಹೆರಿಗಿ ವಾರ್ಡಿನ್ಯಾಗ
ಕಡೀ ಕೆಲಸ ಮಾಡಿದೆ.
ಈಗ ಮೊದಲಿನದಕ್ಕ ಇಳದೆ.
ಗಂಡು ಹೂವಿನ ಪಕಳಿ ಕಿತ್ತು, ಕೇಸರ ಹೆಣ್ಣಿಗೆ ಒತ್ತಿದೆ.
ಕೈ ನಡಗಿತು, ನಗಿ ಬಂತು.
ಗ್ವಾಡಿ ಮ್ಯಾಲ ಕುಂತ ದಾವಲಸಾಬ "ಏನ ಮಾಡಾಕತ್ತೀರಿ?" ಅಂದ.
"ಲಗ್ನ," ಅಂದೆ. "ನೀ ಆ ಕಡೆ ನೋಡು."

ಹಳೇ ರಜಿಸ್ಟರ ಒಂದಿತ್ತು, ಅರ್ಧ ಖಾಲಿ.
ಅದರಾಗ ಬರಿಯಾಕ ಹತ್ತಿದೆ: ತಾರೀಖು, ವೇಳೆ, ಯಾವ ಕುಡಿ.
ಕಡೀ ಕಾಲಮ್ಮಿನ ತಲೆಬರಹ ನಾ ಕೊಡಲಿಲ್ಲ, ಅಚ್ಚಾಗೇ ಇತ್ತು.
ಹನ್ನೊಂದರಾಗ ನಾಕು, ಐದನೇ ದಿನಕ್ಕ
ತುದಿ ಹಳದಿ ಆಗಿ, ಮುಟ್ಟಿದರ ಕೈಯಾಗ ಬಂದವು.
ಕೆಂಪು ಪೆನ್ನು ಹುಡುಕಿ ಬರದೆ: ಉಳೀಲಿಲ್ಲ.
ಕಾಯಿಪಲ್ಯದ ಮಾತು ಇದು, ಅಷ್ಟೇ. ಆದರೂ
ಆ ಶಬ್ದ ಬರಿಯೂ ಮುಂದ
ಬಾಗಲ ಹೊರಗ ಕಾಯ್ಕೊಂತ ನಿಂತವರ ಮುಖ,
ಕೈಯಾಗ ಹೊಸಾ ಕುಲಾಯಿ ಹಿಡದ ಒಬ್ಬ ಅಜ್ಜಿ.
ಪೆನ್ನಿಗೆ ಟೋಪಿ ಹಾಕಿ, ಎದ್ದು ನೀರು ಕುಡದೆ.

ಏಳು ಉಳದವು. ಪಲ್ಯ ಆತು, ಸಿಪ್ಪಿ ಚಟ್ನಿ ಆತು,
ಬೌರವ್ವಗ ಎರಡು. ದಾವಲಸಾಬನ ತಾಯಿಗೆ ಎರಡು ಕೊಟ್ಟೆ,
ಬುಟ್ಟಿ ಖಾಲಿ ಕಳಿಸಬಾರದಂತ ದಾಲ್ಚಾ ತುಂಬಿದ ಡಬ್ಬಿ ಬಂತು.

ಮೃಗಶಿರಾ ಎರಡು ಹನಿ ಉದುರಿಸಿ ಹೋದ ದಿನ
ಚಪ್ಪರ ಬಿಚ್ಚಾಕ ನಿಂತಾಗ ಹುಡುಗ ಕೂಗಿದ.
ಚಪ್ಪಲಿಯ ಹಿಂದ, ಎಲಿ ಮರಿಗೆ
ಒಂದು ಕಾಯಿ, ಮೊಳ ಉದ್ದ, ಒಣಗಿ ಕಂದಿದ್ದು.
ನಾ ಒತ್ತಿದ್ದಲ್ಲ, ಬರದದ್ದಲ್ಲ.
ಯಾವ ಹುಳ ಬಂದಿತ್ತೋ, ಯಾವ ಸಂಜಿಗೆ.
ಅವ ಕಿವಿ ಹತ್ತರ ಹಿಡದು ಅಳ್ಳಾಡಿಸಿದ. ಗಲಗಲ.
"ಇದಕ್ಕ ನಂಬರ ಏನು ಬರೀತೀರಿ?"
ರಜಿಸ್ಟರ ಒಳಗ ಇತ್ತು. ನಾ ತರಾಕ ಹೋಗಲಿಲ್ಲ.
"ಇನ್ನೊಮ್ಮೆ ಅಳ್ಳಾಡಸು," ಅಂದೆ.