ಹಿಂದಕ್ಕೆ ಬಂದ ಒಂದು

ಹಾಸನದ ಕ್ಯೂರಿಂಗ್ ವರ್ಕ್ಸಿನ ತಗಡಿನ ಶೆಡ್ಡಿನಲ್ಲಿ
ನಮ್ಮವ್ವ ನಿಂಗಾಜಮ್ಮ ಹತ್ತೊಂಬತ್ತು ವರ್ಷ
ಕಾಫಿಬೀಜ ಆರಿಸಿದಳು.
ಕರಿದು, ಒಡಕು, ಹುಳ ಕೊರೆದದ್ದು, ಬಿಳಿಚಿಕೊಂಡದ್ದು:
ಬೆರಳು ಮೊದಲು ಹೋಗುತ್ತಿತ್ತು, ಕಣ್ಣು ಆಮೇಲೆ.
ಮೊರದ ತುಂಬ ಒಳ್ಳೆಯವೇ ಇದ್ದರೆ ಅವಳಿಗೆ ಅನುಮಾನ.
"ಚೀಲದ ಗುಣ ಹೇಳೋದು ಒಳ್ಳೇವಲ್ಲ ಕಣವ್ವ,
ಆ ಒಂದು."

ನಾನು ಆಗ ಎರಡನೇ ಪಿಯುಸಿ.
ಫಿಲೋಮಿನಾ ಮೇಡಂ ಹತ್ತಿರ ರೇಡಿಯಂ ಇರಲಿಲ್ಲ,
ಚಿನ್ನದ ಹಾಳೆಯಂತೂ ಕೇಳಲೇಬೇಡಿ.
ಇದ್ದದ್ದು ನಾಲ್ಕು ಇಟ್ಟಿಗೆ, ಮೇಲೊಂದು ಹಲಗೆ,
ಹಲಗೆಯಡಿ ಅಂಟಿಸಿದ ಏನೋ ಒಂದು,
ಮತ್ತೆ ಕಟ್ಟಿನಕೆರೆ ಮಾರ್ಕೆಟ್ಟಿನಿಂದ ತಂದ ಗೋಲಿ.
"ಎತ್ತಬಾರದು. ಬಗ್ಗಿ ನೋಡಬಾರದು. ಬಿಡಿ, ಬರೀರಿ."

ಬಿಟ್ಟೆವು.
ಆಚೆಗೆ ಹೋಯಿತು. ಆಚೆಗೆ. ಆಚೆಗೆ.
ಒಳಗೆ ಏನೂ ಇಲ್ಲವೆಂದು ಹುಡುಗಿಯರು ನಗತೊಡಗಿದರು.
ಅರವತ್ತೋ ಎಪ್ಪತ್ತೋ ಆದಮೇಲೆ ಒಂದು ಗೋಲಿ
ಟಕ್ ಎಂದು ತಿರುಗಿ ಬಂದು
ನನ್ನ ಕಾಲಿನ ಕಿರುಬೆರಳಿಗೆ ತಾಗಿತು.

ಅವತ್ತು ರಾತ್ರಿ ಅವ್ವನಿಗೆ ಹೇಳಿದೆ:
ಮೊದಲು ಜನ ಅಂದುಕೊಂಡಿದ್ದರಂತೆ, ಪರಮಾಣು ಅಂದರೆ
ಅವರೆಕಾಳು ಹಾಕಿ ತಟ್ಟಿದ ಅಕ್ಕಿರೊಟ್ಟಿ,
ಹಿಟ್ಟೆಲ್ಲ ಒಂದು ವಿದ್ಯುತ್ತು, ಕಾಳು ಇನ್ನೊಂದು.
ಆಮೇಲೆ ಸೀಮೆಯಲ್ಲಿ ಚಿನ್ನವನ್ನು
ಉಸಿರಿಗೂ ಹಾರುವಷ್ಟು ತೆಳ್ಳಗೆ ಬಡಿದು...
"ಯಾರ ಮನೇದು ಚಿನ್ನ?" ಅಂದಳು.
ಗೊತ್ತಿಲ್ಲ, ಅಂದೆ.
ಅದಕ್ಕೆ ಕಣ್ಣಿಗೆ ಕಾಣದ ಕಣ ಹೊಡೆದರಂತೆ.
ಇಬ್ಬರು ಹುಡುಗರು ಕತ್ತಲ ಕೋಣೆಯಲ್ಲಿ,
ಕಣ್ಣು ಕತ್ತಲಿಗೆ ಒಗ್ಗಲೆಂದು ಅರ್ಧ ಗಂಟೆ ಸುಮ್ಮನೆ ಕೂತು,
ತೆರೆಯ ಮೇಲೆ ಮಿಣುಕಿದ್ದನ್ನು ಒಂದೊಂದೇ ಎಣಿಸಿದರಂತೆ.
"ಎಷ್ಟು ಹೊತ್ತು?"
ತಿಂಗಳುಗಟ್ಟಲೆ.
"ಕೂಲಿ?"

ಸಾವಿರ ಸಾವಿರಕ್ಕೆ ಒಂದು ಹಿಂದಕ್ಕೆ ಬಂತಂತೆ ಅವ್ವ.
ಅದಕ್ಕೇ ಗೊತ್ತಾಯಿತು, ನಡುವೆ ಗಟ್ಟಿಯಾದ್ದೊಂದು ಐತೆ,
ಬಹಳ ಸಣ್ಣದು. ಮಿಕ್ಕಿದ್ದೆಲ್ಲ ಬಯಲು.
ಅವ್ವ ತಾಳಿಯ ಗುಂಡನ್ನು ಬೆರಳಲ್ಲಿ ಹಿಸುಕಿ ನೋಡಿದಳು.
"ಬಯಲಾದ್ರೆ ಬೆರಳು ಯಾಕೆ ಆಚೆಗೆ ಹೋಗಲ್ಲ?"
ನನಗೆ ಉತ್ತರ ಬರಲಿಲ್ಲ.
ಮೇಡಂ ಕೂಡ, ಕೇಳಿದಾಗ, ಸ್ವಲ್ಪ ಹೊತ್ತು ಸುಣ್ಣದ ಗೋಡೆ ನೋಡಿದರು.

ಎಣಿಸಿ ಎಣಿಸಿ ಬೇಸತ್ತವರಲ್ಲೊಬ್ಬ
ಕೊನೆಗೆ ಎಣಿಸುವ ಯಂತ್ರವನ್ನೇ ಮಾಡಿದ.
ಇದನ್ನು ನಾನು ಅವ್ವನಿಗೆ ಹೇಳಲಿಲ್ಲ.
ಶೆಡ್ಡಿಗೆ ಬಣ್ಣ ನೋಡಿ ಆರಿಸುವ ಮಿಷನ್ನು ಬಂದ ವರ್ಷ
ಕರಿಬೀಜ ಕಂಡರೆ ಗಾಳಿ ಊದಿ ಆಚೆ ಹಾರಿಸುತ್ತಿತ್ತು,
ಫುಸ್, ಫುಸ್, ಇಡೀ ದಿನ.
ನಲವತ್ತು ಮಣೆಗಳನ್ನು ಗೋಡೆಗೆ ಒರಗಿಸಿಟ್ಟರು.

ಈಗ ಅದೇ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ.
ಮೇಡಂ ಹೋಗುವಾಗ ಹಲಗೆ ಕೊಟ್ಟರು, ಅಡಿಯಲ್ಲೇನೆಂದು ಹೇಳಲಿಲ್ಲ.
ಇಟ್ಟಿಗೆ ಅಂಟಿದ್ದ ಹಾಗೇ, ಅಡಿಗೆ ರಟ್ಟು ಕೊಟ್ಟು,
ರಜೆಯಲ್ಲೊಮ್ಮೆ ಆಟೋದಲ್ಲಿ ಮನೆಗೆ ತಂದೆ.
ಅವ್ವನಿಗೆ ಪೊರೆ ಬಂದಿದೆ, ಎರಡೂ ಕಣ್ಣಿಗೆ.
ನೆಲಕ್ಕೆ ಕೂತು ಗೋಲಿ ಉರುಳಿಸಿದಳು,
ಕತ್ತು ವಾರೆ ಮಾಡಿ ಕೇಳುತ್ತಾ,
ಮಧ್ಯಾಹ್ನವೆಲ್ಲ. ಕಾಫಿ ಆರಿತು.

"ಕಲ್ಲಲ್ಲ ಕಣೇ, ಕಬ್ಬಿಣ.
ಬುಗುರಿಯಷ್ಟು.
ನೀನು ಹೇಳ್ದಂಗೆ ನಡುವೆ ಇಲ್ಲ, ಒಸಿ ಎಡಕ್ಕೈತೆ."

ಹಲಗೆ ಎತ್ತಲೇನವ್ವ, ಅಂದೆ.
"ಯಾಕೆ?" ಅಂದಳು,
ಮಂಚದಡಿ ಹೋದ ಗೋಲಿಗೆ ಕೈ ಚಾಚುತ್ತ.